ಶಿಲಾವತೀ ದ್ವೀಪದ ತಂಬಿಗೆ ತೀರ್ಥ

ಈ ಪುಸ್ತಿಕೆಯಲ್ಲಿ ಬರುವ ಪ್ರತಿಯೊಂದು ಅಕ್ಷರವೂ, ಒತ್ತು, ಕೊಂಬು, ದೀರ್ಘಗಳ ಸಮೇತ, ಸತ್ಯ. ನಮ್ಮೂರು ಅಳ್ವೆಕೋಡಿಯ ದೇವಿ ಅಮ್ಮನಾಣೆ ಸತ್ಯ. ಇಪ್ಪತ್ತೆರಡು ವರ್ಷ ಏಳು ಸಮುದ್ರಗಳ ಮೇಲೆ ಈ ಕೈ ಹಿಡಿದ ಸೌಟಿನಾಣೆ ಸತ್ಯ. ಹಡಗಿನ ಅಡುಗೆಯವನಾದವನು ಬೇರೆ ಯಾವ ವಿಷಯದಲ್ಲಿ ಸುಳ್ಳು ಹೇಳಿದರೂ ಉಪ್ಪಿನ ವಿಷಯದಲ್ಲಿ ಹೇಳುವುದಿಲ್ಲ. ಈ ಮಹಾತ್ಮ್ಯವಾದರೋ ಆದಿಯಿಂದ ಅಂತ್ಯದವರೆಗೆ ಉಪ್ಪಿನ ವಿಷಯವೇ ಆಗಿರುವುದರಿಂದ ಭಕ್ತಮಹಾಶಯರು ನಿಶ್ಚಿಂತರಾಗಿ ಓದಬಹುದು. ನನ್ನ ಅಕ್ಕನ ಮಕ್ಕಳು ಇದನ್ನು ಕೈಗೆ ತೆಗೆದುಕೊಂಡೊಡನೆ "ಜಟ್ಟಮಾವ ಮತ್ತೆ ಹಡಗು ಬಿಟ್ಟ" ಎಂದು ನಗುತ್ತಾರೆಂಬುದು ನನಗೆ ಗೊತ್ತು. ನಗಲಿ. ತೀರ್ಥದ ನೀರು ಕುಡಿದವನು ನಾನು, ಅವರಲ್ಲ.

ಭೂಮಂಡಲದ ಉತ್ತರ ದಿಗ್ಭಾಗದಲ್ಲಿ, ಸ್ಕಾಟ್ಲೆಂಡೆಂಬ ಮೇಘಾವೃತ ದೇಶದಿಂದಲೂ ಆಚೆಗೆ, ಆ ದೇಶದವರೇ ತಮ್ಮ ನಕ್ಷೆಯ ಮೇಲೆ ನೊಣ ಕೂತಿದೆಯೆಂದು ಭಾವಿಸಿ ಕೈಬೀಸಿ ಓಡಿಸುವಷ್ಟು ಚಿಕ್ಕದಾಗಿ, ವೃಕ್ಷರಹಿತವಾಗಿ, ನಿರಂತರ ವಾಯುಪೀಡಿತವಾಗಿ, ಕುರಿಗಳಿಂದಲೂ ಕಡಲ ಹಕ್ಕಿಗಳಿಂದಲೂ ಸೇವಿತವಾಗಿ ವಿರಾಜಿಸುವ ದ್ವೀಪವೊಂದುಂಟು. ಅಲ್ಲಿಯ ಜನ ಅದನ್ನು ಸ್ಕಿಲ್ವೇ ಎನ್ನುತ್ತಾರೆ. ಇದು ಶಿಲಾವತೀ ಎಂಬ ಮೂಲನಾಮದ ಅಪಭ್ರಂಶವೆಂದು ವಿದ್ವಾಂಸರೊಬ್ಬರು ನಿಸ್ಸಂದೇಹವಾಗಿ ಸಾಧಿಸಿ ತೋರಿಸಿದ್ದಾರೆ. ಆ ವಿದ್ವಾಂಸ ನಾನೇ. ದ್ವೀಪದ ದಕ್ಷಿಣ ತೀರದಲ್ಲಿ, ಭರತದ ಹೊತ್ತಿಗೆ ಕಡಲು ಮುಚ್ಚಿ ಇಳಿತದ ಹೊತ್ತಿಗೆ ಕಡಲು ಬಿಟ್ಟುಕೊಡುವ ಜಾಗದಲ್ಲಿ, ಕುರ್ಚಿಯ ಹಾಗೆ ಬೆನ್ನಾನಿಕೆಯಿರುವ ಒಂದು ಕರಿಬಂಡೆಯೂ ಅದರ ಬುಡದಲ್ಲಿ ಬೋಗುಣಿಯಷ್ಟಗಲದ ಒಂದು ಒರತೆಯೂ ಇವೆ. ಸುತ್ತ ಉಪ್ಪು, ನಡುವೆ ಸಿಹಿನೀರು. ಅದು ಹೇಗೆಂಬುದೇ ಈ ಕಥೆ.

ಪೂರ್ವಕಾಲದಲ್ಲಿ, ಎಂದರೆ ಹಡಗಿಗೆ ಇಂಜಿನ್ನು, ಕೈಗೆ ಗಡಿಯಾರ, ಜೇಬಿಗೆ ಪಾಸ್‌ಪೋರ್ಟು ಇವಾವುವೂ ಇಲ್ಲದಿದ್ದ ಯುಗದಲ್ಲಿ, ಆ ದ್ವೀಪದ ತೆಂಕಣ ಸಮುದ್ರದಾಚೆಯ ಹಸಿರುನಾಡೊಂದರಲ್ಲಿ ಟೋರಿನ್ ಎಂಬ ವಿರಕ್ತನಿದ್ದನು. ಅವನನ್ನು ನಾವು ತೋರಣಮುನಿಯೆಂದು ಕರೆಯೋಣ. ಸಂಸಾರದಲ್ಲಿ ಜುಗುಪ್ಸೆ ಹುಟ್ಟಿದ ಅವನು ಎತ್ತಿನ ಚರ್ಮ ಹೊದಿಸಿದ, ಹುಟ್ಟೂ ಹಾಯಿಯೂ ಇಲ್ಲದ ಹರಿಗೋಲೊಂದರಲ್ಲಿ ಕುಳಿತು, ದಡದಲ್ಲಿ ನಿಂತಿದ್ದ ತಾಯಿಗೆ ಬೆನ್ನು ತಿರುಗಿಸಿಯೇ "ಹೋಗುತ್ತೇನೆ" ಎಂದು ಹೇಳಿ, ಗಾಳಿ ಒಯ್ದತ್ತ ತೇಲಿ, ನಲವತ್ತು ದಿನಗಳ ನಂತರ ಈ ಶಿಲಾವತಿಯ ಕರಿಬಂಡೆಗೆ ಬಂದು ಮುಟ್ಟಿದನು. ತಪಸ್ಸಿಗೆ ಕುಳಿತವನಿಗೆ ದೇವರು ನೆನಪಾಗಬೇಕಷ್ಟೆ. ಇವನಿಗೆ ತಾಯಿ ನೆನಪಾದಳು. ಕಣ್ಣು ಮುಚ್ಚಿದರೆ ಮನೆಯ ಬಾವಿ, ಕಣ್ಣು ತೆರೆದರೆ ತೆಂಕಣ ದಿಗಂತ. ಏಳು ವರ್ಷ ಆ ಮಹಾನುಭಾವನು ಆ ಬಂಡೆಯ ಮೇಲೆ ತೆಂಕಣಕ್ಕೆ ಮುಖ ಮಾಡಿ ಕುಳಿತು ಜಪದ ಬದಲು ಹಂಬಲವನ್ನೇ ಮಾಡಿದನು. ಅವನ ಕಣ್ಣೀರು ಬಿದ್ದು ಬಿದ್ದು ಬಂಡೆಯ ಬುಡದಲ್ಲಿ ಕುಳಿಯಾಯಿತು. ಆಗ ಅಶರೀರವಾಣಿಯೊಂದು ಈ ಪ್ರಕಾರವಾಗಿ ನುಡಿಯಿತು:

"ವತ್ಸ, ಹೊರಡುವಾಗ ನೀನು ಹೋಗುತ್ತೇನೆ ಎಂದೆಯೇ ಹೊರತು ಬರುತ್ತೇನೆ ಎನ್ನಲಿಲ್ಲ. ಆದಕಾರಣ ನಿನ್ನ ತಾಯಿಗೆ ನಿನ್ನನ್ನು ಕಾಯುವ ಭಾಗ್ಯವೂ ಇಲ್ಲವಾಯಿತು. ನಿನ್ನ ಕಣ್ಣೀರಿನ ಈ ಕುಳಿಯಲ್ಲಿ ಸಿಹಿನೀರು ಹುಟ್ಟಲಿ. ದಿನಕ್ಕೆರಡಾವರ್ತಿ ಕಡಲು ಇದನ್ನು ಮುಚ್ಚುವುದು, ಎರಡಾವರ್ತಿ ತೆರೆಯುವುದು. ಬರುತ್ತೇನೆಂದು ಹೇಳಿ ಹೋದ ಒಬ್ಬನನ್ನಾದರೂ ಈ ನೆಲದವರು ಕಾಯುತ್ತಿರುವವರೆಗೆ ಇದು ಸಿಹಿಯಾಗಿರುವುದು. ಕಾಯುವುದು ನಿಂತ ದಿನ ಕಡಲು ಇದನ್ನು ತನ್ನದಾಗಿಸಿಕೊಳ್ಳುವುದು."

ಅಶರೀರವಾಣಿ ಆಡಿದ್ದು ಆ ದ್ವೀಪದ ಭಾಷೆಯಲ್ಲಿ. ಕನ್ನಡಕ್ಕೆ ತರುವಾಗ ವ್ಯಾಕರಣವನ್ನಷ್ಟೇ ಸ್ವಲ್ಪ ತಿದ್ದಿದ್ದೇನೆ.

ಅಂದಿನಿಂದ ಆ ದ್ವೀಪದಲ್ಲಿ ಒಂದು ಸಂಪ್ರದಾಯ ಬೆಳೆಯಿತು. ಮೀನಿಗೆ ಹೋಗುವವನಿರಲಿ, ಯುದ್ಧಕ್ಕೆ ಹೋಗುವವನಿರಲಿ, ದೂರದೇಶದಲ್ಲಿ ಗೇಯಲು ಹೋಗುವವನಿರಲಿ, ಹೊರಡುವ ದಿನ ಮುನಿಯ ಬಂಡೆಯ ಮೇಲೆ ಕುಳಿತು, ಮೂರು ಬೊಗಸೆ ನೀರು ಕುಡಿದು, ಎಲ್ಲರಿಗೂ ಕೇಳುವ ಹಾಗೆ "ಬರುತ್ತೇನೆ" ಎನ್ನಬೇಕು. ಹಾಗೆ ಹೇಳಿದ ಮೇಲೆ ಆ ಮಾತು ಅವನೊಬ್ಬನದಲ್ಲ. ಇಡೀ ದ್ವೀಪದ ಕುಡಿಯುವ ನೀರು. ಬಾಯಿ ಸಡಿಲ ಬಿಟ್ಟು ಅಲ್ಲಿ ಯಾರೂ ಆ ಮಾತನ್ನಾಡುವುದಿಲ್ಲ. ಪಕ್ಕದ ಮನೆಯಿಂದ ಎದ್ದು ಬರುವಾಗ ಕೂಡ ತಲೆಯಾಡಿಸಿ ಬರುತ್ತಾರೆಯೇ ಹೊರತು ಬರುತ್ತೇನೆ ಎನ್ನುವುದಿಲ್ಲ. ಇದನ್ನು ಓದುಗರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ನನಗೆ ಆಗ ಇದು ಗೊತ್ತಿರಲಿಲ್ಲ.

ಹೀಗೆ ಶತಮಾನಗಳು ಕಳೆದು, ಸಾವಿರದ ಒಂಬೈನೂರ ಎಪ್ಪತ್ತೇಳನೆಯ ಇಸವಿಯ ಹೊತ್ತಿಗೆ ದ್ವೀಪದಲ್ಲಿ ಹನ್ನೊಂದು ಮಂದಿ ಉಳಿದಿದ್ದರು, ಕಾಯಿಸಿಕೊಳ್ಳುವವನು ಒಬ್ಬನೇ. ಅವನ ಹೆಸರು ಕ್ಯಾಲಮ್, ಮೀನುಗಾರ. ಒಂಬತ್ತು ವರ್ಷದ ಹಿಂದೆ ಬಂಡೆಯ ಮೇಲೆ ಕುಳಿತು ಮಾತು ಕೊಟ್ಟು ಹೋದವನು. ಕಾಯುತ್ತಿದ್ದವಳು ಅವನ ಹೆಂಡತಿ ಮೋರಾಗ್. ಎಪ್ಪತ್ತೇಳರ ಆ ಚಳಿಗಾಲದಲ್ಲಿ ಅವನ ದೋಣಿಯ ಹೆಸರು ಬರೆದಿದ್ದ ಹಲಗೆಯೊಂದು ಬೇರೊಂದು ದ್ವೀಪದ ದಡಕ್ಕೆ ಬಂದು ಬಿತ್ತು. ಪಾದ್ರಿಗಳು ಬಂದು ಪ್ರಾರ್ಥನೆ ಓದಿ, ಹೆಸರನ್ನು ಕಲ್ಲಿನಲ್ಲಿ ಕೊರೆಸಿ, ಕಾಯುವುದನ್ನು ಮುಗಿಸಿ ಹೋದರು. ಅದೇ ತಿಂಗಳಿಂದ ಒರತೆ ಸಣ್ಣಗಾಯಿತು. ಆಮೇಲೆ ನೀರಿಗೆ ಉಪ್ಪು ಹತ್ತಿತು. ಮಳೆನೀರನ್ನು ಪೀಪಾಯಿಗಳಲ್ಲಿ ಹಿಡಿದು ಎಷ್ಟು ದಿನ ಬದುಕಲಾದೀತು? ದ್ವೀಪ ಬಿಟ್ಟು ಹೋಗುವುದೆಂದು ತೀರ್ಮಾನವಾಗಿ, ಜೂನ್ ತಿಂಗಳ ಒಂದು ಸೋಮವಾರ ಎಲ್ಲರನ್ನೂ ಕುರಿಗಳ ಸಮೇತ ಕರೆದೊಯ್ಯಲು ಸರ್ಕಾರದ ದೋಣಿ ಬರುವುದೆಂದು ನಿಶ್ಚಯವಾಯಿತು.

ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ನಾನು ಅವತರಿಸಿದೆ.

ಅವತಾರದ ಕಾರಣವನ್ನು ಹೇಳುತ್ತೇನೆ. ನಮ್ಮದು ಸರಕಿನ ಹಡಗು. ಹೆಸರು ಬೇಡ, ಕಪ್ತಾನ ಎಲ್ಲಾದರೂ ಬದುಕಿದ್ದು ಓದಿದರೆ ಅವನಿಗೆ ನಾಚಿಕೆ. ಹಡಗಿನ ಸಿಹಿನೀರಿನ ಟ್ಯಾಂಕಿನೊಳಕ್ಕೆ ಸಮುದ್ರದ ನೀರು ಜಿನುಗಿ, ನಾನು ಮಾಡಿದ ಚಹಾ ಸಾರಿನಂತೆಯೂ ಸಾರು ಸಮುದ್ರದಂತೆಯೂ ಆಗತೊಡಗಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಸಲ ಬಿಟ್ಟರೆ ಅನ್ನದ ತಳ ಹಿಡಿಸದ, ಅಟ್ಲಾಂಟಿಕ್ಕಿನ ಅಲೆಗಳ ಮೇಲೂ ದೋಸೆಯನ್ನು ದುಂಡಗೆ ಹುಯ್ದ ಈ ಜಟ್ಟಪ್ಪ ಮೊಗೇರನಿಗೆ ಇದು ಮಾನದ ಪ್ರಶ್ನೆ. ಟ್ಯಾಂಕು ಸರಿಯಾಗುವ ತನಕ ಕಪ್ತಾನ ಆ ದ್ವೀಪದ ಮರೆಗೆ ಹಡಗನ್ನು ಲಂಗರು ಹಾಕಿಸಿ, ಒಂದು ದಿನದ ಮಟ್ಟಿಗೆ ನಾಲ್ಕು ಪೀಪಾಯಿಗಳ ಸಮೇತ ನನ್ನನ್ನೂ ಮೀರಾನ್ ಸಾಯ್ಬರನ್ನೂ ದೋಣಿಯಲ್ಲಿ ದಡಕ್ಕೆ ಕಳಿಸಿದ. ಮೀರಾನ್ ಸಾಯ್ಬರು ಭಟ್ಕಳದವರು, ಹಡಗಿನ ಸಾರಂಗ, ಎಂದರೆ ಖಲಾಸಿಗಳ ಮುಖಂಡರು. ವಯಸ್ಸಿನಲ್ಲಿ ನನ್ನ ತಂದೆಯ ಸಮಾನ. ಬಾಯಲ್ಲಿ ಯಾರ ಸಮಾನವೂ ಅಲ್ಲ. ಸ್ಥಳಪುರಾಣದಲ್ಲಿ ದೇವರ ಹೊರತು ಮತ್ತಾರೂ ಬಾಯಿ ತೆರೆಯಬಾರದೆಂದು ನಿಯಮವಿದೆಯಂತೆ. ಆ ನಿಯಮ ಮಾಡಿದವರಿಗೆ ಮೀರಾನ್ ಸಾಯ್ಬರ ಪರಿಚಯವಿರಲಿಲ್ಲ.

ಆ ಹೊತ್ತಿಗೆ ನಾನು ನೆಲ ಮುಟ್ಟಿ ಹದಿಮೂರು ತಿಂಗಳಾಗಿತ್ತು. ಬಂದರುಗಳು ಬರುತ್ತಿದ್ದವು, ನಿಜ. ಆದರೆ ಬಂದರು ಬಂದ ದಿನವೇ ಅಡುಗೆಯವನಿಗೆ ಕೆಲಸ ಹೆಚ್ಚು. ಜಗತ್ತಿನ ಮಹಾನಗರಗಳನ್ನೆಲ್ಲ ನಾನು ಅಡುಗೆಮನೆಯ ಗುಂಡು ಕಿಟಕಿಯಿಂದ, ಈರುಳ್ಳಿ ಚೀಲಗಳ ಸಂದಿನಿಂದ ನೋಡಿದ್ದೆ. ಹಾಗಾಗಿ ಆ ದಿನ ಶಿಲಾವತಿಯ ಮರಳಿನ ಮೇಲೆ ಕಾಲಿಟ್ಟವನು ಎರಡು ಹೆಜ್ಜೆ ಹಾಕಿ, ತೂರಾಡಿ, ಅಂಡೂರಿ ಕುಳಿತುಬಿಟ್ಟೆ.

"ಏ ಜಟ್ಟ," ಎಂದರು ಸಾಯ್ಬರು. "ಎಂತ ಮಾರಾಯಾ, ಬೆಳಿಗ್ಗೇನೇ?"

"ಸಾಯ್ಬ್ರೇ, ನೆಲ ಅಲ್ಲಾಡ್ತಾ ಉಂಟು."

"ನೆಲ ನೆಟ್ಟಗೇ ಉಂಟು. ಹದಿಮೂರು ತಿಂಗಳಿಂದ ಅಲ್ಲಾಡಿದ್ದು ನೀನು. ಏಳು, ಅಲ್ಲೊಬ್ಬಳು ಹೆಂಗಸು ನೋಡ್ತಾ ಇದ್ದಾಳೆ. ಕುಡಿದು ಬಂದವ ಅಂದ್ಕೊಂಡಾಳು."

ಕರಿಬಂಡೆಯ ಪಕ್ಕದಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಕೆಂಚುಗೂದಲಿಗೆ ವಸ್ತ್ರ ಬಿಗಿದುಕೊಂಡು, ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಇನ್ನೊಂದು ಕೈಯನ್ನು ಸೊಂಟಕ್ಕೆ ಕೊಟ್ಟು ಅವಳು ನಿಂತಿದ್ದಳು. ನಮ್ಮ ಕೇರಿಯ ಬಾವಿಕಟ್ಟೆಯ ಮೇಲೆ ಹೆಂಗಸರು ಸರದಿಗೆ ಕಾಯುತ್ತ ನಿಲ್ಲುವುದು ಹಾಗೆಯೇ. ಹದಿಮೂರು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಮನೆ ಇಷ್ಟು ಹತ್ತಿರ ಕಂಡದ್ದು, ಮನೆಯಿಂದ ಅಷ್ಟು ದೂರ ಬಂದಾಗ.

ನಾನು "ಗುಡ್ ಮಾರ್ನಿಂಗ್ ಮೇಮ್ಸಾಬ್" ಎಂದೆ.

"ಕೈಯಲ್ಲಿ ಕುರಿಸಗಣಿ ಮೆತ್ಕೊಂಡವಳಿಗೆ ಎಂತ ಮೇಮ್ಸಾಬೋ," ಎಂದರು ಸಾಯ್ಬರು.

ಅವಳು ಎದೆ ಮುಟ್ಟಿಕೊಂಡು "ಮೋರಾಗ್" ಎಂದಳು. ಸಾಯ್ಬರಿಗೆ ನಲವತ್ತು ವರ್ಷದ ಬಂದರಿನ ಇಂಗ್ಲಿಷು ಬರುತ್ತಿತ್ತು. ನನಗೆ ತರಕಾರಿಗಳ ಇಂಗ್ಲಿಷು ಮಾತ್ರ. ನೀರು ಬೇಕು ಎಂದು ನಾವು ಹೇಳಿದೆವು. ಅವಳು ಒರತೆಯನ್ನು ತೋರಿಸಿ, ತಲೆಯಾಡಿಸಿ, ನೀವೇ ಕುಡಿದು ನೋಡಿ ಎನ್ನುವಂತೆ ಪಕ್ಕಕ್ಕೆ ಸರಿದಳು.

ಈಗ ತಂಬಿಗೆಯ ಪ್ರವೇಶ. ನಾನು ಹಡಗು ಹತ್ತುವ ದಿನ ನನ್ನ ಅವ್ವ ಕೊಟ್ಟ ಹಿತ್ತಾಳೆಯ ತಂಬಿಗೆ ಅದು. ಬಾಯಿಯ ಅಂಚಿನಲ್ಲಿ ಒಂದು ನಗ್ಗು, ನಾನು ಮಗುವಾಗಿದ್ದಾಗ ಬಾವಿಕಟ್ಟೆಗೆ ಎಸೆದದ್ದು. ಎಲ್ಲಿಗೆ ಹೋದರೂ ಅದನ್ನು ಚೀಲದಲ್ಲಿಟ್ಟುಕೊಳ್ಳುತ್ತಿದ್ದೆ. ಒರತೆಯಲ್ಲಿ ಮೊಗೆದು, ನಮ್ಮ ಪದ್ಧತಿಯಂತೆ ತಲೆ ಹಿಂದಕ್ಕೆ ಚೆಲ್ಲಿ, ತಂಬಿಗೆಯನ್ನು ಗೇಣೆತ್ತರಕ್ಕೆ ಹಿಡಿದು, ತುಟಿಗೆ ತಗುಲಿಸದೆ ಧಾರೆಯಾಗಿ ಗಂಟಲಿಗೆ ಹುಯ್ದುಕೊಂಡೆ. ಅವಳ ಕೈಯಿಂದ ಬಕೆಟ್ಟು ಬಿತ್ತು. ಆ ದ್ವೀಪದಲ್ಲಿ ಯಾರೂ ಹೀಗೆ ನೀರು ಕುಡಿದದ್ದನ್ನು ಕಂಡಿರಲಿಲ್ಲ. ಆಮೇಲೆ ಅವಳು ನಕ್ಕಳು, ಹೊಟ್ಟೆ ಹಿಡಿದುಕೊಂಡು, ಬಂಡೆಗೆ ಒರಗಿಕೊಂಡು ನಕ್ಕಳು. ಚಳಿಗಾಲದಿಂದ ಈಚೆಗೆ ಅದೇ ಮೊದಲ ನಗೆಯೆಂದು ಮುಂದೊಂದು ಪತ್ರದಲ್ಲಿ ಬರೆದಳು.

"ಹೇಗುಂಟು ನೀರು?" ಸಾಯ್ಬರು ಕೇಳಿದರು.

"ಅರ್ಧ ಚಿಟಿಕೆ ಉಪ್ಪು ಜಾಸ್ತಿ."

ಸಾಯ್ಬರು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳ ನಗೆ ನಿಂತಿತು. "ಜನವರಿಯಲ್ಲಿ ಕಾಲು ಚಿಟಿಕೆ ಇತ್ತು," ಎಂದಳು.

ನಾನು ಕೋಟು ಬಿಚ್ಚಿದೆ. ನಮ್ಮ ಕಡೆ ಬಾವಿಯ ನೀರು ಕೆಟ್ಟರೆ ಮೊದಲು ಕೆಸರೆತ್ತುತ್ತಾರೆ, ಆಮೇಲೆ ದೇವರನ್ನು ಕೇಳುತ್ತಾರೆ. ಕಡಲು ಇನ್ನೂ ಮೂರು ತಾಸು ದೂರದಲ್ಲಿತ್ತು. ಪ್ಯಾಂಟು ಮಡಚಿ, ಒರತೆಗೆ ಕೈಯಿಟ್ಟು, ಕಡಲಕಳೆ, ಚಿಪ್ಪು, ಅಲೆ ತಂದು ತುರುಕಿದ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಹಾಕಿದೆ. ಅವಳು ಬಕೆಟ್ಟಿನಲ್ಲಿ ಕೆಸರು ತೋಡಿ ಎಸೆದಳು. ಸಾಯ್ಬರು ಮುನಿಯ ಬಂಡೆಯ ಮೇಲೆ ಕುಳಿತು ಬೀಡಿ ಸೇದುತ್ತ ಇಬ್ಬರಿಗೂ ಸಲಹೆ ಕೊಟ್ಟರು. ಮೇಲಿನ ಹುಲ್ಲುದಿಬ್ಬದಲ್ಲಿ ಉಳಿದ ಹತ್ತು ಮಂದಿ ಸಾಲಾಗಿ ನಿಂತು ನೋಡುತ್ತಿದ್ದರು. ಆ ಕೆಲಸ ಮಾಡುತ್ತ ಮಾಡುತ್ತಲೇ, ಸಾಯ್ಬರ ಬಾಯಿಯ ಮೂಲಕ, ತೋರಣಮುನಿಯಿಂದ ಹಿಡಿದು ಸೋಮವಾರದ ದೋಣಿಯವರೆಗಿನ ಕಥೆಯನ್ನು ಅವಳು ಹೇಳಿದ್ದು. ಬಂಡೆಯ ಮೇಲೆ ಕುಳಿತು ಹೇಳಬೇಕಾದ ಮಾತಿನ ಸಂಗತಿಯೊಂದನ್ನು ಮಾತ್ರ ಅವಳು ಆಗ ಹೇಳಲಿಲ್ಲ. ಅದು ಹೊರಗಿನವರಿಗೆ ಹೇಳುವ ಸಂಗತಿಯಲ್ಲ.

"ನಿನಗೆ ಹೋಗುವ ಮನಸ್ಸುಂಟಾ?" ಸಾಯ್ಬರಿಂದ ಕೇಳಿಸಿದೆ.

"ಹನ್ನೊಂದು ಜನರಲ್ಲಿ ಹತ್ತು ಜನ ಕೈ ಎತ್ತಿದರು."

"ಹನ್ನೊಂದನೆಯವರು?"

"ನನ್ನ ಕೈಯಲ್ಲಿ ಬಕೆಟ್ಟಿತ್ತು," ಎಂದಳು.

ಕಡಲು ಏರಿ ಬಂದು ಒರತೆಯನ್ನು ಮುಚ್ಚಿತು. ಕೊನೆಯ ಬಾರಿ ಬಾಯಿಗೆ ಹಾಕಿಕೊಂಡ ನೀರಿನಲ್ಲೂ ಆ ಅರ್ಧ ಚಿಟಿಕೆ ಹಾಗೇ ಇತ್ತು. ನನ್ನ ಕೈ ಚಳಿಗೆ ನೀಲಿಯಾಗಿತ್ತು; ಅವಳು ಕಲ್ಲಿನ ತನ್ನ ಪುಟ್ಟ ಮನೆಗೆ ಕರೆದೊಯ್ದು ಒಲೆಯ ಮುಂದೆ ಕೂರಿಸಿದಳು. ಅಲ್ಲಿ ನೆತ್ತಿಯ ಮೇಲಿನ ಹಗ್ಗದಿಂದ ಮೀನು ನೇತುಹಾಕಿತ್ತು. ನೋಡುತ್ತೇನೆ, ನಮ್ಮ ಬಂಗುಡೆ! ಬಂಗುಡೆಯಲ್ಲದಿದ್ದರೆ ಬಂಗುಡೆಯ ಚಿಕ್ಕಪ್ಪನ ಮಗ. ಬೆನ್ನಿನ ಮೇಲೆ ಅದೇ ಕರಿಗೆರೆ. ಆಮೇಲೆ ಅಡುಗೆಯವನನ್ನು ಯಾರು ತಡೆಯುತ್ತಾರೆ? ಚೀಲದಲ್ಲಿ ಬೆಂಕಿಪೊಟ್ಟಣದ ತುಂಬ ಮೆಣಸಿನ ಪುಡಿಯೂ ಹುಳಿಗೆ ನಾಲ್ಕು ಎಸಳು ಮುರುಗಲ ಸಿಪ್ಪೆಯೂ ಸದಾ ಇರುತ್ತಿದ್ದವು. ತೆಂಗಿನಕಾಯಿಯೊಂದಿಲ್ಲ ಎಂಬುದನ್ನು ಬಿಟ್ಟರೆ ಆ ಮಧ್ಯಾಹ್ನ ಶಿಲಾವತಿಯಲ್ಲಿ ಕುದಿದ ಸಾರು ನಮ್ಮ ಕೇರಿಯ ಯಾವ ಮನೆಯಲ್ಲಿ ಕುದಿದಿದ್ದರೂ ಹೆಂಗಸರು ಬಗ್ಗಿ ನೋಡುತ್ತಿದ್ದರು. ಅವಳು ಓಟ್ಸಿನ ದಪ್ಪ ರೊಟ್ಟಿಯನ್ನು ಅದ್ದಿ ಒಂದು ತುತ್ತು ತಿಂದಳು. ಕಣ್ಣು ಮೂಗುಗಳಿಂದ ನೀರು ಧಾರೆಯಾಯಿತು. ನಿಲ್ಲಿಸು ಎಂದು ಕೈ ಮಾಡಿದರೆ ಕೇಳದೆ ತಟ್ಟೆ ಬಳಿದು ತಿಂದಳು. ಆದರೆ ತಟ್ಟೆ ಬರಿದಾದ ಮೇಲೂ ಕಣ್ಣೀರು ನಿಲ್ಲಲಿಲ್ಲ.

"ಜಟ್ಟ, ಖಾರ ಜಾಸ್ತಿ ಹಾಕಿದ್ಯೋ?" ಎಂದರು ಸಾಯ್ಬರು ಮೆಲ್ಲಗೆ.

"ಅದು ಖಾರದ್ದಲ್ಲ ಸಾಯ್ಬ್ರೇ."

"ಗೊತ್ತುಂಟು. ನೀನು ಖಾರ ಅನ್ನು. ಅವಳಿಗೂ ಸಲೀಸು."

ನಾನು "ಚಿಲ್ಲಿ, ವೆರಿ ಬ್ಯಾಡ್" ಎಂದೆ. ಅವಳು "ವೆರಿ ಬ್ಯಾಡ್" ಎಂದು ತಲೆಯಾಡಿಸಿ ಮುಖ ಒರೆಸಿಕೊಂಡಳು.

ಆ ಬಡಪಾಯಿ ಮನೆಯ ಹಿಂದೆ ಎರಡು ಪೀಪಾಯಿ ಮಳೆನೀರಿತ್ತು. ಅದರಲ್ಲಿ ಒಂದನ್ನು ಪೂರ್ತಿಯಾಗಿ ನಮ್ಮ ಪೀಪಾಯಿಗೆ ಸುರಿದಳು. ಸೋಮವಾರದ ತನಕ ಒಂದು ಸಾಕು, ಆಮೇಲೆ ಹೇಗೂ ಬೇಡ ಎಂದಳು. ಉಳಿದ ಹತ್ತು ಮಂದಿಯೂ ಒಬ್ಬೊಬ್ಬರಾಗಿ ಬಕೆಟ್ಟು ತಂದರು. ತಮ್ಮ ಊರು ಬಿಟ್ಟು ಹೋಗುವವರು ಊರಿಗೆ ಬಂದವರಿಗೆ ನೀರು ತುಂಬಿ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಕೊಟ್ಟದ್ದನ್ನು ಕುಡಿದವನು ಮೂವತ್ತು ವರ್ಷದ ಜಂಬಗಾರನಾದರೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಸಾಯ್ಬರು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು.

ಸಂಜೆ ಹಡಗು ಸೀಟಿ ಹಾಕಿತು. ಆ ಸೀಮೆಯಲ್ಲಿ ಜೂನಿನ ಸಂಜೆ ಎಂದರೆ ನಮ್ಮ ಮಧ್ಯಾಹ್ನದಂತೆ. ಬಿಸಿಲು ಬೆಳ್ಳಗೆ ಬಿದ್ದಿತ್ತು. ಕಡಲು ಇಳಿದು ಕರಿಬಂಡೆ ಮತ್ತೆ ತಲೆಯೆತ್ತಿತ್ತು. ದೋಣಿಗೆ ಒಂದು ಕಾಲಿಟ್ಟೆ. ತಿರುಗಿ ನೋಡಿದೆ. ಎಂಟು ತಾಸಿನ ಹಿಂದೆ ಹೇಗೆ ನಿಂತಿದ್ದಳೋ ಹಾಗೇ, ಒಂದು ಕೈ ಸೊಂಟಕ್ಕೆ ಕೊಟ್ಟು ನಿಂತಿದ್ದಳು. ಅವ್ವ ಬಾಗಿಲಲ್ಲಿ ನಿಂತ ಹಾಗೆ, ಅಕ್ಕ ಗೇಟಿನಲ್ಲಿ ನಿಂತ ಹಾಗೆ. ಆಗ ಹುಟ್ಟಿದಾರಭ್ಯ ಯಾವ ಮನೆಯ ಮೆಟ್ಟಿಲು ಇಳಿಯುವಾಗಲೂ ಆಡಿದ ಮಾತು ತಾನಾಗಿ ಬಾಯಿಗೆ ಬಂತು.

"ಹೋಗಿ ಬತ್ತೆ," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನ್ನ ತರಕಾರಿ ಇಂಗ್ಲಿಷಿಗೆ ಅದನ್ನು ತಿರುಗಿಸಿದೆ. "ಐ ಗೋ ಅಂಡ್ ಕಮ್."

ಅವಳ ಮುಖದ ಬಣ್ಣ ಹೋಯಿತು. ದಿಬ್ಬದ ಮೇಲಿದ್ದ ಹತ್ತು ಮಂದಿ ಮಾತು ನಿಲ್ಲಿಸಿದರು.

"ಯಾವಾಗ?" ಎಂದಳು.

ಮಹಾಶಯರೇ, ನಿಮ್ಮಲ್ಲಿ ಯಾರಿಗಾದರೂ ಈ ಪ್ರಶ್ನೆ ಎದುರಾಗಿದೆಯೇ? ಜನ್ಮದಲ್ಲಿ ಇನ್ನೊಮ್ಮೆ ತಲೆ ಹಾಕದವನೂ ಹೋಗಿ ಬರ್ತೇನೆ ಎನ್ನುತ್ತಾನೆ, ಮನೆಯವರು ಹ್ಞೂಂ ಬನ್ನಿ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾವಾಗ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಮ್ಮ ದೇಶದಲ್ಲಿ ಅರ್ಧ ಜನ ಮನೆಯಿಂದ ಹೊರಬೀಳುವುದೇ ನಿಲ್ಲುತ್ತಿತ್ತು. ಅವಳು ಬಂದು ಮೊಣಕೈ ಹಿಡಿದು, ನನ್ನನ್ನು ಮುನಿಯ ಬಂಡೆಯ ಮೇಲೆ ಕೂರಿಸಿ, ಕೈಗೆ ತಂಬಿಗೆ ಕೊಟ್ಟು, ಮೂರು ಸಲ ಕುಡಿಸಿ, ಇನ್ನೊಮ್ಮೆ ಹೇಳು ಎಂದು ಕೈ ಮಾಡಿದಳು.

"ಜಟ್ಟ," ಸಾಯ್ಬರ ದನಿ ದೋಣಿಯಿಂದ ಬಂತು, ಅದರಲ್ಲಿ ಮೊದಲ ಬಾರಿಗೆ ತಮಾಷೆ ಇರಲಿಲ್ಲ. "ಇವರದ್ದು ಎಂತದೋ ವ್ರತ ಇದ್ದ ಹಾಗೆ ಉಂಟು. ನೋಡಿ ಮಾತಾಡು."

ನಾನು ಹೇಳಿದೆ. ಎಲ್ಲರಿಗೂ ಕೇಳುವ ಹಾಗೆ, ಗೋ ಅಂಡ್ ಕಮ್.

ದೋಣಿ ಹಡಗಿನ ಅರ್ಧ ದಾರಿಗೆ ಬಂದಾಗ ಸಾಯ್ಬರು ನನ್ನ ಚೀಲದ ಕಡೆ ನೋಡಿದರು. "ತಂಬಿಗೆ ಎಲ್ಲಿ?"

"ಅಯ್ಯೋ. ಬಂಡೆ ಮೇಲೆ ಮರ್ತೆ."

"ತಿರುಗಿಸಲಾ ದೋಣಿ?"

"ಬೇಡ, ಹೊತ್ತಾಯ್ತು. ಮರ್ತು ಬಿಟ್ಟ ಸಾಮಾನು ಮನುಷ್ಯನನ್ನು ವಾಪಸ್ ಎಳ್ಕೊಳ್ತದೆ ಅಂತ ಅವ್ವ ಹೇಳ್ತಾಳೆ."

ಸಾಯ್ಬರು ನನ್ನ ಮುಖವನ್ನೇ ನೋಡಿದರು. "ನನ್ನ 'ಮಾ'ನೂ ಹೇಳ್ತಿದ್ಲು. ಮರ್ತದ್ದಾದ್ರೆ ಎಳೀತದೆ. ಬೇಕಂತ್ಲೇ ಬಿಟ್ಟದ್ದಾದ್ರೆ ಎಳೆಯೂದಿಲ್ಲ."

"ಮರ್ತದ್ದೇ ಸಾಯ್ಬ್ರೇ," ಎಂದೆ.

ಐದು ತಿಂಗಳಾದ ಮೇಲೆ, ಹಡಗಿನ ಹೆಸರೂ 'ತಂಬಿಗೆಯ ಅಡುಗೆಯವನಿಗೆ' ಎಂಬ ವಿಳಾಸವೂ ಇದ್ದ ಲಕೋಟೆಯೊಂದು ನಾಲ್ಕು ಬಂದರುಗಳನ್ನು ಸುತ್ತಿ ನನ್ನ ಕೈ ಸೇರಿತು. ಸಾಯ್ಬರು ಓದಿ ಹೇಳಿದರು. ಭಾನುವಾರ ಬೆಳಗಿನ ಇಳಿತಕ್ಕೆ ಒರತೆ ತುಂಬಿ ಹರಿಯಿತು, ಹನ್ನೊಂದು ಮಂದಿಯೂ ಕುಡಿದು ನೋಡಿದರು, ಉಪ್ಪಿಲ್ಲ. ಸೋಮವಾರ ದೋಣಿ ಬಂತು, ಖಾಲಿ ಹೋಯಿತು. ಕರಿಬಂಡೆಯ ಅರ್ಥವನ್ನೂ ಆ ಮಾತಿನ ತೂಕವನ್ನೂ ಅವಳು ವಿವರವಾಗಿ ಬರೆದದ್ದು ಆಗಲೇ. ಕೊನೆಯ ಸಾಲು ಒಂದೇ ಪದ: ಯಾವಾಗ?

"ನೀನು ಕಲ್ಲು ಕಿತ್ತೆ, ನೀರಿನ ಕಣ್ಣು ಬಿಚ್ಚಿತು, ನಾಲ್ಕು ಇಳಿತ ಒಳಗಿನ ಉಪ್ಪನ್ನು ತೊಳೆಯಿತು. ಅಷ್ಟೇ," ಎಂಬುದು ಸಾಯ್ಬರ ಮತ. ನನ್ನ ಮಾತಿನಿಂದಾಯಿತು ಎಂಬುದು ದ್ವೀಪದವರ ಮತ. ನನಗೆ ಯಾವ ಮತದೊಡನೆಯೂ ವಿರೋಧವಿಲ್ಲ. ಎರಡರಲ್ಲೂ ಕೀರ್ತಿ ನನ್ನದೇ.

ಮೂವತ್ತೊಂದು ವರ್ಷ ಪತ್ರ ಬಂತು. ಪ್ರತಿ ವರ್ಷ ಅದೇ ಕೊನೆಯ ಪದ. ನಾನು ಬರೆದೆ: ಮುಂದಿನ ಬೇಸಿಗೆಗೆ. ಈ ಹಡಗಿನ ಕರಾರು ಮುಗಿದ ಮೇಲೆ. ಅವ್ವನ ಕಾಲು ಸರಿಯಾದ ಮೇಲೆ. ಹಡಗು ಕಪ್ತಾನನ ಮಾತು ಕೇಳುತ್ತದೆ, ಅಡುಗೆಯವನ ಮಾತು ಕೇಳುವುದಿಲ್ಲ. ಆಮೇಲೆ ಅವ್ವ ಹಾಸಿಗೆ ಹಿಡಿದಳು, ಆಮೇಲೆ ನನ್ನ ಮಂಡಿ. ಎಂಬತ್ತೊಂದನೆಯ ಇಸವಿಯಲ್ಲಿ ಒಮ್ಮೆ ನಮ್ಮ ಹಡಗು ಆ ದಾರಿಯಲ್ಲಿ ಹೋಯಿತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದಿಗಂತದಲ್ಲಿ ಉಗುರಿನಷ್ಟು ಕಪ್ಪು ಕಂಡಿತು. ಸೌಟು ಹಿಡಿದವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಅಲ್ಲಿ ಅವಳು ನಿಂತಿರಬಹುದೇ, ಈ ಹಡಗಿನ ಹೊಗೆ ಅವಳಿಗೆ ಕಾಣುತ್ತಿರಬಹುದೇ, ಆ ಕರಿಬಂಡೆ ಈಗ ಮುಚ್ಚಿದೆಯೋ ತೆರೆದಿದೆಯೋ. ಉಗುರು ಎಳ್ಳಾಗಿ, ಎಳ್ಳು ನೀರಾಗುವವರೆಗೆ ನಿಂತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ ಅನ್ನದ ತಳ ಹಿಡಿಯಿತು ಎಂದೆನಲ್ಲ, ಅದು ಆ ದಿನ. ಖಲಾಸಿಗಳು ಬೈದುಕೊಂಡೇ ತಿಂದರು. ಮೀರಾನ್ ಸಾಯ್ಬರು ಮಾತ್ರ ಸೀದ ಅನ್ನವನ್ನು ಎರಡನೆಯ ಸಲ ಬಡಿಸಿಕೊಂಡು ಉಂಡು ಎದ್ದರು.

ಮೂವತ್ತೆರಡನೆಯ ವರ್ಷದ ಪತ್ರ ಬೇರೆ ಕೈಬರಹದಲ್ಲಿತ್ತು. ಮೋರಾಗ್‌ಳ ತಮ್ಮನ ಮಗಳು, ಏಲಿ ಎಂಬುವಳು ಬರೆದಿದ್ದಳು: ಅತ್ತೆಯನ್ನು ಒರತೆ ಕಾಣುವ ಹಾಗೆ ದಿಬ್ಬದ ಮೇಲೆ ಮಣ್ಣು ಮಾಡಿದೆವು. ಕೊನೆಯ ವಾರ ತಂಬಿಗೆಯನ್ನು ತಾನೇ ಉಜ್ಜಬೇಕೆಂದು ಹಟ ಹಿಡಿದಳು. ನೀರು ಕೆಡುವುದೆಂದು ನಮಗೆಲ್ಲ ಹೆದರಿಕೆಯಿತ್ತು, ಕೆಡಲಿಲ್ಲ. ಯಾಕೆಂದರೆ ಈಗ ನಿಮ್ಮನ್ನು ನಾವು ಕಾಯುತ್ತಿದ್ದೇವೆ. ನೀವು ಹೇಗಿದ್ದೀರೆಂದು ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಪರವಾಗಿಲ್ಲ. ಯಾವಾಗ?

ಈಗ ಆ ದ್ವೀಪದಲ್ಲಿ ಇಪ್ಪತ್ತಾರು ಜನರಿದ್ದಾರೆ. ಜೂನ್ ತಿಂಗಳಲ್ಲಿ ಕಡಲು ಅತ್ಯಂತ ಕೆಳಗಿಳಿಯುವ ದಿನ ಬೆಳಿಗ್ಗೆ ಆಬಾಲವೃದ್ಧರಾಗಿ ಒರತೆಯ ಬಳಿ ಸೇರಿ, ಮೊದಲು ಕಲ್ಲು ಕೆಸರು ತೆಗೆದು, ನಗ್ಗು ಬಿದ್ದ ಹಿತ್ತಾಳೆಯ ತಂಬಿಗೆಯಲ್ಲಿ ನೀರು ಮೊಗೆದು, ಒಬ್ಬೊಬ್ಬರಾಗಿ ತಲೆ ಹಿಂದಕ್ಕೆ ಚೆಲ್ಲಿ, ತುಟಿಗೆ ತಗುಲಿಸದೆ ಎತ್ತಿ ಕುಡಿಯುತ್ತಾರೆ. ನಲವತ್ತಾರು ವರ್ಷವಾದರೂ ಸರಿಯಾಗಿ ಬಂದಿಲ್ಲ. ಎಲ್ಲರ ಮೂಗಿಗೂ ಕೊರಳಪಟ್ಟಿಗೂ ನೀರು. ಏಲಿ ಫೋಟೋ ಕಳಿಸಿದ್ದಾಳೆ, ಪಾದ್ರಿಗಳೂ ಒದ್ದೆಯಾಗಿ ಕೆಮ್ಮುತ್ತಿದ್ದಾರೆ. ಆಮೇಲೆ ಬಂಗುಡೆಗೆ ಎಲ್ಲಿಂದಲೋ ತರಿಸಿದ ಮೆಣಸಿನ ಪುಡಿ ಹಾಕಿ ಬೇಯಿಸಿ, ಅಳುತ್ತ ಊಟ ಮಾಡುತ್ತಾರಂತೆ. ಅದೂ ಸಂಪ್ರದಾಯವೇ. ಮುನಿಯ ಬಂಡೆ, ಒರತೆ, ತಂಬಿಗೆ ಈ ಮೂರೂ ಇಂದಿಗೂ ಅಲ್ಲಿ ಪ್ರತ್ಯಕ್ಷ ಇವೆ. ಹೋಗುವ ಭಕ್ತರು ಇಳಿತದ ಹೊತ್ತು ಕೇಳಿಕೊಂಡು ಹೋಗಬೇಕು, ದಪ್ಪ ಸ್ವೆಟರು ಒಯ್ಯಬೇಕು, ಹೊರಡುವಾಗ ಬಾಯಿ ಹಿಡಿತದಲ್ಲಿಟ್ಟುಕೊಳ್ಳಬೇಕು.

ನೀವು ಯಾಕೆ ಇನ್ನೂ ಹೋಗಿಲ್ಲ ಎಂದು ನನ್ನ ಅಕ್ಕನ ಮಕ್ಕಳು ಕೇಳುತ್ತಾರೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದ್ದಕ್ಕೆ ಹೇಳಿದ ಹಾಗೆಯೇ ಇದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದೇನೆ. ನಾನು ಹೋಗಿಬಿಟ್ಟರೆ ಅವರು ಆಮೇಲೆ ಯಾರನ್ನು ಕಾಯಬೇಕು? ಇಪ್ಪತ್ತಾರು ಜನರ ಕುಡಿಯುವ ನೀರು ನನ್ನ ತಲೆಯ ಮೇಲಿದೆ. ಲೋಕಕಲ್ಯಾಣಾರ್ಥವಾಗಿ ಅಳ್ವೆಕೋಡಿಯ ಈ ಜಗಲಿಯ ಮೇಲೆ ಕೂತು ಬಾರದೇ ಇರುವ ಮಹಾತಪಸ್ಸನ್ನು ಮಾಡುತ್ತಿದ್ದೇನೆ. ತಮ್ಮನ್ನು ನೋಡದವರಿಂದ ಇಷ್ಟು ಕಾಯಿಸಿಕೊಳ್ಳುವ ಭಾಗ್ಯ ದೇವರುಗಳಿಗೆ ಬಿಟ್ಟರೆ ನನಗೊಬ್ಬನಿಗೇ. ಮಕ್ಕಳು ನಗುತ್ತಾರೆ. ಬೆಳಿಗ್ಗೆ ಕಡಲ ಕಡೆ ಮುಖ ಮಾಡಿ ಕುಳಿತಾಗ ಮಾತ್ರ, ಇದು ಪಡುವಣವಲ್ಲವೇ, ಇಲ್ಲಿಂದ ಬಡಗಣಕ್ಕೆ ಎಷ್ಟು ತಿರುಗಿದರೆ ಸರಿಯಾಗಿ ಆ ಕರಿಬಂಡೆಗೆ ನೇರವಾಗುತ್ತದೆ ಎಂದು ಲೆಕ್ಕ ಹಾಕಿ ಕುರ್ಚಿಯನ್ನು ಸ್ವಲ್ಪ ಸರಿಸಿಕೊಳ್ಳುತ್ತೇನೆ.

ಪ್ರತಿ ಅಕ್ಷರವೂ ಸತ್ಯ ಎಂದು ಆಣೆ ಮಾಡಿದ್ದೇನೆ. ಅಮ್ಮ ಕೋಪಿಸಿಕೊಂಡಾಳೆಂದು ಒಂದು ಸಣ್ಣ ಸಂಗತಿಯನ್ನು ಮಾತ್ರ ತಿದ್ದಿಬಿಡುತ್ತೇನೆ. ತಂಬಿಗೆಯನ್ನು ನಾನು ಬಂಡೆಯ ಮೇಲೆ ಮರೆತು ಬಂದದ್ದಲ್ಲ. ನಗ್ಗು ಅವಳ ಕಡೆ ಕಾಣುವ ಹಾಗೆ ತಿರುಗಿಸಿ ಇಟ್ಟು ಬಂದದ್ದು. ಮರೆತದ್ದಾದರೆ ಎಳೆಯುತ್ತದೆ, ಬೇಕೆಂದೇ ಬಿಟ್ಟದ್ದಾದರೆ ಎಳೆಯುವುದಿಲ್ಲ ಎಂದು ಸಾಯ್ಬರು ಅಂದ ಕ್ಷಣದಿಂದ, ನಲವತ್ತಾರು ವರ್ಷ, ಕಂಡಕಂಡವರಿಗೆಲ್ಲ ಮರೆತೆ, ಮರೆತೆ ಎಂದು ಹೇಳಿಕೊಂಡೇ ಬಂದಿದ್ದೇನೆ. ಎಲ್ಲರೂ ನಂಬಿದ್ದಾರೆ. ಎಳೆಯಬೇಕಾದ ಮೇಲಿನವನೊಬ್ಬ ಮಾತ್ರ ಇನ್ನೂ ನಂಬಿದ ಹಾಗೆ ಕಾಣುವುದಿಲ್ಲ.